ಅರವತ್ತನಾಲ್ಕನೆಯ ಮೆಟ್ಟುಗತ್ತಿ

ಕತ್ತಲಾದ ಮೇಲೆ ಮೆಟ್ಟುಗತ್ತಿ ನಿಂತಿರಬಾರದು. ಮಗ್ಗುಲಾಗಿ ಮಲಗಿಸಬೇಕು. ನಿಂತ ಕತ್ತಿಯ ಹಿಂದೆ ಮಣೆ ಖಾಲಿ ಇರುತ್ತದೆ. ಖಾಲಿ ಮಣೆಗೆ ಕೂರುವವರು ಬರುತ್ತಾರೆ. ನಮ್ಮ ದೊಡ್ಡಮ್ಮ, ಅಂದರೆ ಭೋಜನ ತಾಯಿ, ಕುಂದಾಪುರದಲ್ಲಿ ದಿನಾ ಹೇಳುತ್ತಿದ್ದ ಮಾತು ಇದು. ಈ ಕತೆಯಲ್ಲಿರುವ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಮುರಿದರು.

ಭೋಜ ನಮ್ಮ ದೊಡ್ಡಪ್ಪನ ಮಗ. ಕೋಲ್ಕತ್ತಾದಲ್ಲಿ ಬ್ಯಾಂಕ್ ಅಧಿಕಾರಿ. ಬೆಹಾಲಾದಲ್ಲಿ, ಕೆರೆ ಪಕ್ಕದ ಗಲ್ಲಿಯಲ್ಲಿ ಸ್ವಂತ ಮನೆ. ಆ ಮನೆಯ ಹಜಾರದಲ್ಲಿ ಸೋಫಾ ಇಲ್ಲ. ಗೋಡೆಯುದ್ದಕ್ಕೂ ಈಳಿಗೆಮಣೆಗಳು... ಅರವತ್ತಮೂರು. ಊರಿನ ಮೆಟ್ಟುಗತ್ತಿ, ಬಂಗಾಳದ ಬೊಟಿ, ಎರಡೂ ಒಂದೇ ಜಾತಿ. ಮಣೆಯನ್ನು ಕಾಲಲ್ಲಿ ಮೆಟ್ಟಿ ಕೂತು ಹೆಚ್ಚುವ ಬಾಗಿದ ಕತ್ತಿ. ಡಮ್ ಡಮ್ ಸ್ಟೇಷನ್ ಹಿಂದಿನ ಗುಜರಿಯಿಂದ, ದಕ್ಷಿಣೇಶ್ವರದ ದೋಣಿಕಟ್ಟೆಯಿಂದ, ಸತ್ತವರ ಮನೆಯ ಅಟ್ಟದಿಂದ ತಂದವು. ಪ್ರತಿಯೊಂದಕ್ಕೂ ಚೀಟಿ. ಭಾನುವಾರ ಕೊಬ್ಬರಿ ಎಣ್ಣೆ. ಚೀಟಿಯಲ್ಲಿ ತಾರೀಕು ತಪ್ಪಿದ್ದರೆ ಅವನಿಗೆ ಆ ದಿನ ಊಟ ರುಚಿಸುತ್ತಿರಲಿಲ್ಲ. ಅಂಥ ಮನುಷ್ಯ.

ಮೊದಲು ಎಲ್ಲವೂ ಮಲಗಿಯೇ ಇದ್ದವು. ಮಗ ಸ್ವಸ್ತಿಕ್ ಮೆಟ್ಟಿಲು ಮೆಟ್ಟಿಲಾಗಿ ಹಲಗೆ ಮಾಡಿಸಿ ಎಲ್ಲವನ್ನೂ ನಿಲ್ಲಿಸಿದ. ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದಂತೆ.

“ರಾತ್ರಿಗಾದರೂ ಮಲಗಿಸಿ ಮಾರಾಯ್ರೆ,” ಎಂದಳು ಭೋಜನ ಹೆಂಡತಿ ಚಂದ್ರಾವತಿ.

“ಅಮ್ಮಾ, ಅದು ಬೊಟಿ. ಅದಕ್ಕೆಲ್ಲ ನಿದ್ದೆ ಬರಲ್ಲ,” ಎಂದ ಸ್ವಸ್ತಿಕ್.

ಭೋಜ ನಕ್ಕ. ಅವನು ನಗುವುದೇ ಅಪರೂಪ.

ಅರವತ್ತನಾಲ್ಕನೆಯದು ಸಿಕ್ಕಿದ್ದು ಬಜಾರಿನಲ್ಲಿ, ಮೀನಿನ ನಿಮಾಯ್ ಹತ್ತಿರ. ಹತ್ತು ವರ್ಷದಿಂದ ಅವನದೇ ಮೀನು. ಮೀನು ತೂಗಿದ ಮೇಲೆ ನಿಮಾಯ್ ಕೇಳುತ್ತಾನೆ: “ಕೇಟೆ ದೇಬೋ?” ಕತ್ತರಿಸಿ ಕೊಡಲಾ? ಭೋಜ ಹೇಳುತ್ತಾನೆ: “ದಾವ್.” ಕೊಡು. ಚಂದ್ರಾವತಿ ಪಕ್ಕದಲ್ಲಿದ್ದರೂ ಉತ್ತರ ಇವನದೇ. ಅವಳಿಗೆ ಬಂಗಾಳಿ ಬರುವುದಿಲ್ಲ ಎಂದು ಇವನೇ ತೀರ್ಮಾನಿಸಿದ್ದ.

ಆ ರಾತ್ರಿ ಅಂಗಡಿ ಮುಚ್ಚುವ ಹೊತ್ತು. ನಿಮಾಯ್ ಗೋಣಿಯಲ್ಲಿ ಸುತ್ತಿದ ದೊಡ್ಡ ಬೊಟಿಯನ್ನು ಕೈಗಿಟ್ಟ.

“ಮಾಸಿಯದು ದಾದಾ. ಈ ಜಾಗದಲ್ಲಿ ಮೊದಲು ಆ ಚಿಕ್ಕಮ್ಮನೇ ಕೂರುತ್ತಿದ್ದಳು.”

“ಈಗ ಎಲ್ಲಿ?”

ನಿಮಾಯ್ ದನಿ ತಗ್ಗಿಸಿದ. “ಒಂದು ರಾತ್ರಿ ಮಲಗಿಸುವುದು ಮರೆತೆ... ಬೆಳಿಗ್ಗೆ ಬಂದರೆ ಮಾಸಿಯ ತಲೆ ಬುಟ್ಟಿಯಲ್ಲಿತ್ತು. ಮೀನಿನ ತಲೆಗಳ ಜೊತೆ. ನೀವು ಮಲಗಿಸಿಡಿ.”

ಭೋಜ ಹೂಂಗುಟ್ಟಿ ಹೊರಟ. ಹತ್ತು ಗಂಟೆ ಆಗಿತ್ತು. ಗಲ್ಲಿಯ ತಿರುವಿನಲ್ಲಿ ಕೆರೆ, ಕೆರೆಯ ದಂಡೆಯಲ್ಲಿ ಆಲದ ಮರ. ಬೀದಿದೀಪ ಉರಿಯುತ್ತಿರಲಿಲ್ಲ. ಮರದ ಕೆಳಗೆ ಬಂದಾಗ ಹಿಂದೆ ಸದ್ದು...

ಕರ್ರ್... ಕರ್ರ್... ಕರ್ರ್.

ಮೀನಿನ ಪೊರೆ ಹೆರೆಯುವ ಸದ್ದು. ಬಾಲದಿಂದ ತಲೆಯ ಕಡೆಗೆ.

“ದಾದಾ...” ಕಿವಿಯ ಹತ್ತಿರವೇ ಮುದಿ ಹೆಂಗಸಿನ ಪಿಸುಮಾತು. “ಕೇಟೆ ದೇಬೋ?”

ಹತ್ತು ವರ್ಷದ ಅಭ್ಯಾಸ. ಬಾಯಿ ತಾನಾಗಿ ಆಡಿತು. “ದಾವ್.”

ತಿರುಗಿ ನೋಡಿದ. ಯಾರೂ ಇಲ್ಲ.

ಮನೆಗೆ ಬಂದು ಚೀಟಿ ಬರೆದ. ತಾರೀಕು ಹಾಕಿದ. ಹಲಗೆಯ ನಟ್ಟನಡುವೆ ನಿಲ್ಲಿಸಿದ.

ಬೆಳಿಗ್ಗೆ ಹಜಾರದ ನೆಲದಲ್ಲಿ ಬೀದಿಯ ಬೆಕ್ಕು. ತುಂಡು ತುಂಡು. ಬೆನ್ನಿನ ತುಂಡುಗಳು ಒಂದು ಕಡೆ, ಹೊಟ್ಟೆಯವು ಒಂದು ಕಡೆ, ತಲೆ ಬೇರೆ... ನಿಮಾಯ್ ರುಯಿ ಮೀನನ್ನು ಜೋಡಿಸಿಡುವ ಹಾಗೆ.

“ಕತ್ತಿಯ ಮೇಲೆ ಬಿದ್ದಿದೆ,” ಎಂದ ಭೋಜ.

“ಬಿದ್ದದ್ದು ಹೌದು. ಬಿದ್ದ ಮೇಲೆ ತನ್ನನ್ನು ತಾನೇ ಜೋಡಿಸಿಕೊಂಡಿತಾ?” ಎಂದಳು ಚಂದ್ರಾವತಿ.

ಅವನು ಬೊಟಿಯ ರಕ್ತ ಒರೆಸಿ ಅಲ್ಲೇ ನಿಲ್ಲಿಸಿದ.

ಮರುರಾತ್ರಿ ಸ್ವಸ್ತಿಕ್ ಹಜಾರದಲ್ಲಿ ಒಬ್ಬನೇ ಇದ್ದ. ಹೊಸ ಬೊಟಿಯ ವಿಡಿಯೋ ಮಾಡುತ್ತಿದ್ದ. ಬೆನ್ನ ಹಿಂದೆ ಯಾರೋ “ಕೇಟೆ ದೇಬೋ?” ಎಂದು ಕೇಳಿದರು. ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಗುತ್ತ “ದಾವ್ ನಾ,” ಕೊಡು ಮತ್ತೆ, ಎಂದ. ಆ ನಗು ಫೋನಿನಲ್ಲಿದೆ. ಅದರ ನಂತರ ಕರ್ರ್... ಕರ್ರ್... ಆಮೇಲೆ ಟಕ್. ಟಕ್. ಟಕ್. ಎಲುಬು ದಾಟುವ ಸದ್ದು. ಆಮೇಲೆ ಅವನ ಕೂಗು.

ಬಲಗೈಯ ಮೂರು ಬೆರಳು. ಮಣೆಯ ಮುಂದೆ ಸಾಲಾಗಿ ಇಟ್ಟಿದ್ದವು. ಉಗುರುಗಳನ್ನು ಹೆರೆದು ತೆಗೆದಿತ್ತು.

ಡಾಕ್ಟರು ಹೊಲಿಯಲು ನೋಡಿದರು, ಆಗಲಿಲ್ಲ. “ಯಾವ ಮೆಷಿನ್?” ಎಂದು ಕೇಳಿದರು.

ಸ್ವಸ್ತಿಕ್‌ನನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಮೂರನೆಯ ಸಂಜೆ ಚಂದ್ರಾವತಿ ಮನೆಗೆ ಬಂದವಳೇ ಅರವತ್ತನಾಲ್ಕನ್ನೂ ಮಲಗಿಸಿದಳು. ಭೋಜ ನೋಡುತ್ತ ನಿಂತಿದ್ದ. ಆಮೇಲೆ ಹೋಗಿ ಆ ಒಂದನ್ನು ಎತ್ತಿ ನಿಲ್ಲಿಸಿದ.

“ಯಾಕೆ?”

“ಮಗ ಜಾರಿ ಬಿದ್ದದ್ದು. ಅಷ್ಟೇ.”

ಮಲಗಿಸಿದರೆ ಆ ಮೂರು ಬೆರಳು ತನ್ನಿಂದ ಹೋದವು ಎಂದು ಒಪ್ಪಿದ ಹಾಗೆ. ಒಪ್ಪುವುದು ಅವನಿಂದಾಗಲಿಲ್ಲ. ಚಂದ್ರಾವತಿ ಅವನ ಮುಖ ನೋಡಿದಳು. ಕತ್ತಿಯನ್ನು ಹಾಗೇ ಬಿಟ್ಟು ಒಳಗೆ ಹೋಗಿ ಮಲಗಿದಳು. ಅಲ್ಲಿಗೆ ಅವಳೂ ಆ ಮಾತು ಮುರಿದ ಹಾಗಾಯಿತು.

ಭೋಜನಿಗೆ ಎಚ್ಚರವಾದದ್ದು ಹಾಸಿಗೆಯಲ್ಲಿ ಅಲ್ಲ.

ಹಜಾರದಲ್ಲಿ ಮೊಣಕಾಲೂರಿದ್ದ. ಗಂಟಲಿಗೆ ತಣ್ಣಗೆ ಏನೋ ತಾಗುತ್ತಿತ್ತು... ಕತ್ತಿಯ ಬಾಯಿ. ಆಗಲೇ ಕಚ್ಚಿತ್ತು. ರಕ್ತ ಎದೆಯ ಮೇಲೆ ಬೆಚ್ಚಗೆ ಇಳಿಯುತ್ತಿತ್ತು. ಮಣೆಯ ಮೇಲೆ ಯಾರೂ ಕಾಣಿಸುತ್ತಿರಲಿಲ್ಲ, ಆದರೂ ಒಂದು ಒದ್ದೆ ಕೈ ಅವನ ಕೂದಲನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಕೆರೆನೀರಿನ ನಾತ. ಇನ್ನೊಂದು ಕೈ ಅವನ ಹಿಂಗತ್ತನ್ನು ಹೆರೆಯುತ್ತಿತ್ತು.

ಕರ್ರ್... ಕರ್ರ್... ಚರ್ಮ ಎದ್ದು ಬರುತ್ತಿತ್ತು. ಕೂಗಲು ಹೋದ. ದನಿ ಇಲ್ಲ.

ಎದುರಿನ ಬಾಗಿಲಲ್ಲಿ ಚಂದ್ರಾವತಿ ನಿಂತಿದ್ದಳು. ಕೈಯಲ್ಲಿ ಟಾರ್ಚು. ಅವಳು ನೋಡುತ್ತಿದ್ದದ್ದು ಅವನನ್ನಲ್ಲ. ಅವನ ತಲೆಯ ಮೇಲಕ್ಕೆ.

“ಬೌದಿ...” ಅತ್ತಿಗೆ ಎಂದು ಕರೆಯುವ ಮೆಲ್ಲನೆಯ ದನಿ. “ಕೇಟೆ ದೇಬೋ?”

ಈ ಸಲ ಕೇಳಿದ್ದು ಅವನನ್ನಲ್ಲ. ಕೊಳ್ಳುವವಳು ಅವಳು. ತಾನು ಮೀನು.

ಆಗ ಅವನಿಗೆ ನಿಜವಾಗಿ ಹೆದರಿಕೆಯಾದದ್ದು ತನ್ನ ನಾಲಿಗೆಗೆ. ಬರದೇ ಇದ್ದ ದನಿ ಈಗ ಬರುತ್ತಿತ್ತು. ಇಷ್ಟು ವರ್ಷ ಅವಳ ಬದಲು ತಾನೇ ಹೇಳಿದ್ದ ಆ ಒಂದೇ ಮಾತು ಹಲ್ಲಿನ ತುದಿಗೆ ಬಂದು ನಿಂತಿತ್ತು. “ದಾ...”

“ನಾ,” ಎಂದಳು ಚಂದ್ರಾವತಿ. ಸ್ವಚ್ಛ ಬಂಗಾಳಿಯಲ್ಲಿ. “ಲಾಗ್ಬೇ ನಾ.” ಬೇಕಾಗಿಲ್ಲ.

ಕೈ ಸಡಿಲವಾಗಲಿಲ್ಲ. ಕತ್ತಿ ಇನ್ನೊಂದು ಕೂದಲೆಳೆಯಷ್ಟು ಒಳಗೆ ಹೋಯಿತು.

ಚಂದ್ರಾವತಿ ಟಾರ್ಚನ್ನು ನೆಲದಲ್ಲಿಟ್ಟಳು. ಅಡುಗೆಮನೆಗೆ ಹೋಗಿ ಅಲಸಂಡೆಯ ಬುಟ್ಟಿ ತಂದಳು. ಸೀರೆ ಎತ್ತಿ ಸಿಕ್ಕಿಸಿ, ಬೊಟಿಯ ಹಿಂದೆ ಬಂದು, ಬಲಗಾಲನ್ನು ಮಣೆಯ ಮೇಲಿಟ್ಟು ಮೆಟ್ಟಿದಳು.

“ಆಚೆ ಸರಿಯಮ್ಮ,” ಎಂದಳು, ಈಗ ಕನ್ನಡದಲ್ಲೇ. “ನಮ್ಮನೇದು ನಾನು ಹೆಚ್ಚುತ್ತೇನೆ.”

ಕೂತಳು.

ಕೂದಲ ಮುಷ್ಟಿ ಬಿಟ್ಟಿತು. ಭೋಜ ಮುಗ್ಗರಿಸಿ ಪಕ್ಕಕ್ಕೆ ಬಿದ್ದ. ಬಿದ್ದಲ್ಲಿಂದ ನೋಡಿದ... ಅವಳು ಹೆಚ್ಚುತ್ತಿದ್ದಳು. ಚಕ್. ಚಕ್. ಚಕ್. ಕತ್ತು ತಿರುಗಿಸಲಿಲ್ಲ. ಎದ್ದು ನೀರೂ ಕುಡಿಯಲಿಲ್ಲ. ಮೊದಲ ಬಸ್ಸಿನ ಹಾರನ್ ಕೇಳುವವರೆಗೆ ಆ ಮಣೆ ಖಾಲಿ ಆಗಲಿಲ್ಲ.

ಇದು ನಡೆದದ್ದು. ಭೋಜನ ಹಿಂಗತ್ತಿನಲ್ಲಿ ಅಂಗೈಯಗಲ ಜಾಗ ಇಂದಿಗೂ ಬೋಳು. ಅನುಮಾನ ಇದ್ದವರು ಬೆಹಾಲಾಕ್ಕೆ ಹೋಗಿ ಅವನ ಕಾಲರ್ ಇಳಿಸಿ ನೋಡಬಹುದು.

ಬೆಳಕು ಹರಿದಾಗ ಮಣೆಯ ಎಡಕ್ಕೆ ಅಲಸಂಡೆಯ ಒಂದು ರಾಶಿ ಇತ್ತು. ನಮ್ಮ ಕಡೆ ಪಲ್ಯಕ್ಕೆ ಹೆಚ್ಚುವ ಹಾಗೆ, ಸಣ್ಣಗೆ. ಬಲಕ್ಕೆ ಇನ್ನೊಂದು ರಾಶಿ. ಅದು ಬಂಗಾಳಿಗಳು ಹೆಚ್ಚುವ ಹಾಗೆ, ಬೆರಳುದ್ದ.

ಚಂದ್ರಾವತಿ ತನ್ನ ರಾಶಿಯನ್ನು ಮಡಿಲಿಗೆ ತುಂಬಿಕೊಂಡಳು. ಇನ್ನೊಂದನ್ನು ಮುಟ್ಟಲಿಲ್ಲ. ಎದ್ದು, ಮಣೆಯಿಂದ ಕಾಲು ತೆಗೆದು, ಕತ್ತಿಯನ್ನು ಮಲಗಿಸಿದಳು.