ಕಂಪ್ಯೂಟರ್ ಪೆಟ್ಟಿಗೆಗೆ ನಾನು ಹಾಕಿದ ಗಂಟು

ಠಾಣೆಯಲ್ಲಿ ಇದನ್ನು ಓದುವವರು ಯಾರೇ ಆಗಿರಲಿ, ಮೊದಲು ಬಾಯಲ್ಲಿರುವ ಎಲೆಅಡಿಕೆ ಉಗಿದು ಬಂದು ಕೂತುಕೊಳ್ಳಿ. ಅರ್ಧ ಓದಿ, ಮುದುಕಿಯ ಗೋಳು ಎಂದು ಕಡತದ ಕೆಳಗೆ ತುರುಕುವ ಹಾಗಿದ್ದರೆ ಈಗಲೇ ವಾಪಸು ಕೊಡಿ. ಮೇ ಮೂವತ್ತರಂದು ನೀವು ಮನೆಗೆ ಬಂದಾಗ ನಾನು ಅರ್ಧ ಹೇಳಿದೆ, ನೀವು ಅಷ್ಟನ್ನೇ ಬರೆದುಕೊಂಡು ಎದ್ದಿರಿ. ಉಳಿದರ್ಧ ಇದರಲ್ಲಿದೆ. ನನ್ನದು ನಾಲ್ಕನೇ ಇಯತ್ತೆಯ ಓದು, ಸಾಲು ಸೊಟ್ಟಗಿವೆ. ಓದಲು ಬಾರದ ಹಾಗೇನೂ ಇಲ್ಲ.

ಹೆಸರು ಅನ್ನದಾನಮ್ಮ, ಗಂಡ ದಿವಂಗತ ಗುರುಬಸವರಾಜ. ವಯಸ್ಸು ಅರವತ್ತೊಂಬತ್ತು. ಕಸುಬು ಮಂಡಕ್ಕಿ ಭಟ್ಟಿ. ವಾಸ ಕೊಟ್ಟೂರು, ಕೂಡ್ಲಿಗಿ ತಾಲ್ಲೂಕು, ಬಳ್ಳಾರಿ ಜಿಲ್ಲೆ. ನನ್ನ ಮೊಮ್ಮಗಳು ವಾಣಿಶ್ರೀ, ಇಪ್ಪತ್ತೊಂದು ವರ್ಷ, ಸತ್ತ ವಿಷಯದಲ್ಲಿ ನನ್ನ ಮಗ ಬೆನಕಪ್ಪ ಕೊಟ್ಟ ದೂರಿಗೆ ಸಂಬಂಧಿಸಿ ನಾನೇ ಕೈಯಾರೆ ಬರೆದು ಒಪ್ಪಿಸುವುದು ಏನೆಂದರೆ:

ನಮ್ಮೂರ ಕಂಪ್ಯೂಟರ್ ಅಂಗಡಿಯ ಹುಲುಗೇಶನು ಕಳಪೆ ಫ್ಯಾನು ಹಾಕಿದ್ದರಿಂದ ಯಂತ್ರ ಹೊತ್ತಿಕೊಂಡಿತು ಎಂದು ದೂರಿನಲ್ಲಿದೆ. ಅದು ಸುಳ್ಳು.

ವಾಣಿಶ್ರೀ ಊರಿನ ಟೈಪಿಂಗ್ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ಕಾರಿನ ಆಟ ಆಡುವುದು ಅವಳ ಹುಚ್ಚು. ಆ ಆಟಕ್ಕೆ ಸಾದಾ ಯಂತ್ರ ಸಾಲದು, ಚಿತ್ರ ತೋರಿಸುವ ಕಾರ್ಡು ಬೇರೆ ಹಾಕಬೇಕು, ಆ ಕಾರ್ಡು ವಿಪರೀತ ಕಾಯುತ್ತದೆ, ಆದ್ದರಿಂದ ಪೆಟ್ಟಿಗೆ ಮತ್ತು ಫ್ಯಾನು ನೋಡಿ ಆರಿಸಬೇಕು ಎನ್ನುತ್ತಿದ್ದಳು.

ದಿನಾಂಕ 6-5-2006 ಶನಿವಾರ ಬೆಳಿಗ್ಗೆ 7-15ರ ಬಸ್ಸಿಗೆ ವಾಣಿಶ್ರೀ, ಹುಲುಗೇಶ ಮತ್ತು ನಾನು ಯಂತ್ರದ ಸಾಮಾನು ತರಲು ದಾವಣಗೆರೆಗೆ ಹೋದೆವು. ಹುಲುಗೇಶನ ಜೊತೆ ಮಗಳನ್ನು ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಬೆನಕಪ್ಪ ಹಟ ಹಿಡಿದಿದ್ದರಿಂದ ನಾನು ಹೋಗಬೇಕಾಯಿತು. ನಾವಿಬ್ಬರು ಮುಂದಿನ ಸೀಟಿನಲ್ಲಿ ಕೂತೆವು, ಅವನು ಹಿಂದಿನ ಬಾಗಿಲ ಬಳಿ ನಿಂತೇ ಬಂದ.

ಅಲ್ಲಿನ ಅಂಗಡಿಯವನು ಮೂರು ಕ್ಯಾಬಿನೆಟ್ ತೋರಿಸಿದ. ಒಂದು ಪೂರ್ತಿ ಮುಚ್ಚಿದ ಕರಿ ಪೆಟ್ಟಿಗೆ. ಇನ್ನೊಂದಕ್ಕೆ ಪಕ್ಕದಲ್ಲಿ ಗಾಜಿನ ಹಾಗೆ ಕಾಣುವ ಹಾಳೆ, ಒಳಗೆ ಬಣ್ಣದ ದೀಪ. ಮೂರನೆಯದಕ್ಕೆ ಮುಂದೆಲ್ಲ ಜಾಲರಿ. ನಾನು ಮುಚ್ಚಿದ್ದನ್ನೇ ತೆಗೆದುಕೊಳ್ಳಲು ಹೇಳಿದೆ.

"ಅದೇನು ಜರಡಿ ಇದ್ದಂಗ ಐತಿ? ತೂತಿಗೂ ರೊಕ್ಕ ಕೊಡ್ತಾರೇನ?" ಎಂದೆ.

"ಅಜ್ಜಿ, ನಿನ್ನ ಭಟ್ಟಿಗಿ ಮ್ಯಾಲೆ ಕಿಂಡಿ ಯಾಕ ಬಿಟ್ಟಿ?" ಎಂದು ವಾಣಿಶ್ರೀ ಕೇಳಿದಳು.

"ಬಿಸಿ ಹೋಗಾಕ."

"ಇದಕ್ಕೂ ಹಂಗ ಅಂತ ತಿಳಕಾ."

ದೀಪದ ಪೆಟ್ಟಿಗೆ ಅವಳ ಕಣ್ಣಿಗೆ ಹಿಡಿಸಿತ್ತು. ಹುಲುಗೇಶ ಅದರ ಹಿಂದೆ ಕೈಯಾಡಿಸಿ, ನೋಡಲು ಚಂದ, ಆದರೆ ಒಂದೇ ಸಣ್ಣ ಫ್ಯಾನು, ಬೇಡ ಎಂದ. "ಅಮ್ಮಾರೆ, ದೊಡ್ಡ ಫ್ಯಾನು ನಿಧಾನ ತಿರುಗಿದ್ರೂ ಗಾಳಿ ಜಾಸ್ತಿ ಎಳಿತೈತ್ರಿ. ಮುಂದಿಂದ ತಣ್ಣಂದು ಒಳಗ, ಹಿಂದಿಂದ ಬಿಸಿದು ಹೊರಗ" ಎಂದು ನನಗೂ ತಿಳಿಸಿ ಹೇಳಿದ. ಜಾಲರಿಯದ್ದನ್ನೇ ಆರಿಸಿದ. ಕರೆಂಟು ಕೊಡುವ ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿ, ಹಗುರವಿದ್ದದ್ದನ್ನು ಅಂಗಡಿಯವನಿಗೇ ಹಿಂತಿರುಗಿಸಿ ಭಾರದ್ದು ತೆಗೆಸಿದ. ಕಳಪೆ ಮಾಲು ಹಾಕುವವನು ಹೀಗೆ ಮಾಡುವುದಿಲ್ಲ.

ಜಾಲರಿಯೊಳಗೆ ನಮ್ಮೂರ ಕೆಂಪು ಧೂಳು ಹೋಗುತ್ತದೆಂದು ನಾನು ನನ್ನ ಹಳೆ ಸೀರೆಗಳಿಂದ ಆ ಪೆಟ್ಟಿಗೆಗೆ ಕೌದಿಯ ಗವಸು ಹೊಲಿದೆ. ಕೆಳಗೆ ಪೆಟ್ಟಿಗೆಯ ನಾಲ್ಕು ಕಾಲಿಗೆ ಕಟ್ಟಲು ನಾಲ್ಕು ಲಾಡಿ ಇಟ್ಟೆ. ವಾಣಿಶ್ರೀ ನಕ್ಕು, "ಕಂಪ್ಯೂಟರಿಗಿ ಚಳಿ ಆಕ್ಕೈತೇನಜ್ಜಿ?" ಎಂದಳು. ಆದರೂ ಯಂತ್ರ ಬಂದ್ ಮಾಡಿದ ಮೇಲೆ ದಿನಾ ಹೊದಿಸುತ್ತಿದ್ದಳು. ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು ಹಾಕುತ್ತಿದ್ದಳು. ಪೆಟ್ಟಿಗೆಯ ಮುಂದಿನ ನೀಲಿ ದೀಪ ಉರಿಯುವಾಗ, ಅಂದರೆ ಯಂತ್ರ ಓಡುವಾಗ ಮಾತ್ರ ಹೊದಿಸಬಾರದು ಎಂದು ನನಗೆ ಮೂರು ಸಲ ಹೇಳಿದ್ದಳು.

ದಿನಾಂಕ 15-5-2006 ಸಂಜೆ ಹುಲುಗೇಶ ಮನೆಗೆ ಬಂದು ಹಿಂದೆ ಎರಡನೇ ಫ್ಯಾನು ಕೂಡಿಸಿದ. ಪಡಸಾಲೆಯ ಊದುಬತ್ತಿ ತಂದು ಜಾಲರಿಯ ಮುಂದೆ ಹಿಡಿದ. ಹೊಗೆ ಒಳಗೆ ಹೋಗಿ ಹಿಂದಿನಿಂದ ಹೊರಬಂತು. ನಾನು ಕಣ್ಣಾರೆ ನೋಡಿದೆ. ನಾಳೆ ನಾಲ್ಕು ತಾಸು ಆಟ ಓಡಿಸಿ, ಅರ್ಧ ತಾಸಿಗೊಮ್ಮೆ ಬಿಸಿ ಎಷ್ಟೆಂದು ಬರೆದಿಡಲು ಅವಳಿಗೆ ಹೇಳಿ ಹೋದ.

ದಿನಾಂಕ 16-5-2006 ಮಂಗಳವಾರ. ಬೆನಕಪ್ಪ ಹಡಗಲಿಗೆ, ಸೊಸೆ ಭಾಗ್ಯ ಹರಪನಹಳ್ಳಿಯ ತವರಿಗೆ ಹೋಗಿದ್ದರು. ಮಧ್ಯಾಹ್ನ 1-30ಕ್ಕೆ ವಾಣಿಶ್ರೀ ಯಂತ್ರ ಶುರು ಮಾಡಿದಳು. ಆಗ ಬಿಸಿ 41 ಡಿಗ್ರಿ ಇತ್ತು. 2-00ಕ್ಕೆ 47. 2-30ಕ್ಕೆ 49. 3-00ಕ್ಕೂ 49. ನೋಟ್‌ಬುಕ್ ಹಿಡಿದು ಭಟ್ಟಿಗೆ ಓಡಿ ಬಂದು, "ನೋಡಜ್ಜಿ, ಏರವಲ್ದು! ಅಲ್ಲೇ ನಿಂತೈತಿ!" ಎಂದಳು. ಹುಲುಗೇಶನಿಗೆ ಹೇಳಿ ಬರುತ್ತೇನೆ, ಯಂತ್ರ ಓಡುತ್ತಿರಲಿ, ಬರುವ ತನಕ ಮುಟ್ಟಬೇಡ ಎಂದಳು. "ಮುಟ್ಟಿ ನಾ ಏನು ಕಾರು ಓಡಸ್ಲೇನ? ಹೋಗೆಲೇ" ಎಂದು ಬೈದು ಕಳಿಸಿದೆ. ಅವಳು ನೆಟ್ಟಗಿದ್ದಾಗ ನಾನು ಅವಳಿಗೆ ಆಡಿದ ಮಾತು ಅದೇ ಕೊನೆ.

3-20ಕ್ಕೆ ಧೂಳುಗಾಳಿ ಎದ್ದಿತು. ನಾನು ಅವಳ ಕೋಣೆಗೆ ಹೋದೆ. ನೀಲಿ ದೀಪ ಉರಿಯುತ್ತಿತ್ತು. ಅದನ್ನು ನಾನು ನೋಡಿದೆ. ಮುದುಕಿಗೆ ಕಣ್ಣು ಕಾಣಿಸಲಿಲ್ಲ ಎಂದು ಬರೆದುಕೊಳ್ಳಬೇಡಿ. ಧೂಳು ಒಳಗೆ ಹೋದರೆ ಹುಡುಗಿ ಅಳುತ್ತಾಳೆ, ಐದು ನಿಮಿಷ ಹೊದಿಸಿದರೆ ಏನಾಗುತ್ತದೆ ಎಂದು ಗವಸು ಹಾಕಿ ನಾಲ್ಕು ಲಾಡಿಯನ್ನೂ ಕಟ್ಟಿದೆ. ಗಾಳಿಗೆ ಹಾರಬಾರದೆಂದು ಮಂಡಕ್ಕಿ ಚೀಲದ ಬಾಯಿಗೆ ಹಾಕುವ ಭಟ್ಟಿಗಂಟು ಹಾಕಿದೆ. ಆ ಗಂಟು ಎಳೆದಷ್ಟೂ ಬಿಗಿಯುತ್ತದೆ. ಕಿಟಕಿ, ಬಾಗಿಲು ಮುಂದೆ ಮಾಡಿ ನಲವತ್ತೈದು ಅಡಿ ದೂರದ ಭಟ್ಟಿಗೆ ಹೋಗಿ ಮಂಡಕ್ಕಿ ರಾಶಿಗೆ ತಾಡಪಾಲು ಹೊದಿಸತೊಡಗಿದೆ. ಐದು ನಿಮಿಷ ಎಂದದ್ದು ಮರೆತೇಹೋಯಿತು. ನಲವತ್ತು ವರ್ಷ ಭಟ್ಟಿಯ ಮುಂದೆ ಕೂತವಳಿಗೆ ಬಿಸಿಗೆ ದಾರಿ ಬೇಕು ಎಂಬುದು ಗೊತ್ತಿರಲಿಲ್ಲವೆಂದು ನಾನು ಹೇಳುವುದಿಲ್ಲ.

4-05ಕ್ಕೆ ವಾಣಿಶ್ರೀ, ಅವಳ ಹಿಂದೆ ನೋಡಲೆಂದು ಹುಲುಗೇಶ ಬಂದರು. ಅವಳು ಸುಟ್ಟ ವಾಸನೆಗೆ ಒಳಗೆ ಓಡಿದಳು. ಮೊದಲು ಮೇನ್ ಸ್ವಿಚ್ ಆರಿಸಿದಳು. ಆಮೇಲೆ ಹೊಗೆಯಾಡುತ್ತಿದ್ದ ಗವಸು ಎಳೆದಳು. "ಅಜ್ಜಿ, ಗಂಟು ಬಿಚ್ಚವಲ್ದು!" ಎಂದು ಕೂಗಿದ್ದು ನನಗೆ ಭಟ್ಟಿಯ ತನಕ ಕೇಳಿಸಿತು. ಗವಸಿನಲ್ಲಿ ಒಂದು ನೈಲಾನ್ ಸೀರೆಯ ತುಂಡಿತ್ತು. ಅದು ಭುಗ್ಗೆಂದು ಹೊತ್ತಿ ಅವಳ ವೇಲಿಗೆ ಹತ್ತಿತು. ನಾನು ಗೋಣಿಚೀಲ ತರುವಷ್ಟರಲ್ಲಿ ಹುಲುಗೇಶ ಬರಿಗೈಯಲ್ಲಿ ಆರಿಸಿದ್ದ. ಅವನ ಅಂಗೈ ಬಿಚ್ಚಿಸಿ ನೋಡಿ. ನೆರೆಮನೆಯ ಏಕಾಂತಪ್ಪನ ಟೆಂಪೊದಲ್ಲಿ ದಾವಣಗೆರೆಗೆ ಒಯ್ದೆವು.

ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಮೂರನೇ ದಿನ ಅಪ್ಪ ಕೇಳಿದ್ದಕ್ಕೆ, ಫ್ಯಾನು ತಾನೇ ನಿಂತಿತು ಎಂದಳು. ಅವನು ಹೊರಗೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದು, "ಕೌದಿ ಸುದ್ದಿ ಎತ್ತಬ್ಯಾಡಜ್ಜಿ. ಅಪ್ಪ ನಿನ್ನ ಜೀವಮಾನ ಪೂರ್ತಿ ಬೈತಾನ" ಎಂದಳು. ಅದು ಹುಲುಗೇಶನ ಕುತ್ತಿಗೆಗೆ ಬೀಳುತ್ತದೆ ಎಂದು ಮಗುವಿಗೆ ಹೊಳೆದಿರಲಿಲ್ಲ. 25-5-2006ರ ಬೆಳಿಗ್ಗೆ 6-40ಕ್ಕೆ ತೀರಿಕೊಂಡಳು. ನಾನು ಅವಳ ಮಾತು ನಡೆಸಿದೆ. ನಡೆಸುವುದು ನನಗೂ ಸುಲಭವಾಗಿತ್ತು.

29-5-2006ರಿಂದ ಹುಲುಗೇಶನ ಅಂಗಡಿಗೆ ಸೀಲು ಬಿದ್ದಿದೆ. ಅವನು ಸೋಮವಾರಕ್ಕೊಮ್ಮೆ ನಿಮ್ಮಲ್ಲಿ ಬಂದು ಸುಟ್ಟ ಕೈಯಿಂದ ಸಹಿ ಹಾಕುತ್ತಾನೆ. 17-6-2006ರಂದು ಅವನ ತಾಯಿ ಜಂಬಕ್ಕ ಚೀಲ ಹಿಡಿದು ಭಟ್ಟಿಗೆ ಬಂದಳು. ಜಗಳಕ್ಕೆ ಬಂದಳೆಂದು ಸೆರಗು ಸಿಕ್ಕಿಸಿ ನಿಂತೆ. "ಅಮ್ಮಾರೆ, ನನ್ನ ಮಗ ಗಾಳಿ ದಾರಿ ನೆಟ್ಟಗ ಬಿಟ್ಟಿದ್ನೋ ಇಲ್ಲೋ, ನೀವು ನೋಡೀರಲ್ರಿ?" ಎಂದಷ್ಟೇ ಕೇಳಿದಳು. ನಾನು ಅವಳ ಚೀಲಕ್ಕೆ ಮಂಡಕ್ಕಿ ತುಂಬಿ ಕೊಟ್ಟೆ. ಅವಳು ಚೀಲವನ್ನು ಅಲ್ಲೇ ಇಟ್ಟು ಹೋದಳು. ಅದು ಇನ್ನೂ ಭಟ್ಟಿಯ ಕಟ್ಟೆಯ ಮೇಲಿದೆ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಬೆನಕಪ್ಪನಿಗೆ ಎಲ್ಲ ಹೇಳಿದೆ. ರೊಟ್ಟಿ ಬಿಟ್ಟು ಎದ್ದ.

ನನ್ನ ಮಾತು ನಂಬದಿದ್ದರೆ ನೀವು ಜಪ್ತಿ ಮಾಡಿದ ಪೆಟ್ಟಿಗೆಯ ಹಿಂದಿನ ಎರಡು ಕಾಲು ನೋಡಿ. ಕರಕಾದ ಲಾಡಿಯಲ್ಲಿ ಗಂಟು ಹಾಗೇ ಇದೆ. ಆ ಗಂಟು ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಬರುತ್ತದೆ. ಬೇಕಾದರೆ ಠಾಣೆಗೆ ಬಂದು ನಿಮ್ಮೆದುರು ಹಾಕಿ ತೋರಿಸುತ್ತೇನೆ. ನಾನು ಬಚ್ಚಿಟ್ಟಿದ್ದ ವಾಣಿಶ್ರೀಯ ನೋಟ್‌ಬುಕ್ಕನ್ನೂ ಇದರ ಜೊತೆ ಕೊಟ್ಟಿದ್ದೇನೆ. 3-00ರ ತನಕ ಬಿಸಿ ಏರಿಲ್ಲ ಎಂಬುದು ಅವಳ ಕೈಬರಹದಲ್ಲೇ ಇದೆ. ಅದರ ಕೆಳಗೆ 3-30 ಎಂದು ಮೊದಲೇ ಬರೆದಿಟ್ಟು ಹೋಗಿದ್ದಾಳೆ. ಮುಂದೆ ಖಾಲಿ ಇದೆ. ಆ ಜಾಗದಲ್ಲಿ ಸೀಲನ್ನಾಗಲಿ ಸಹಿಯನ್ನಾಗಲಿ ಒತ್ತಬೇಡಿ.

ಯಾರೂ ಹೇಳಿಕೊಡದೆ, ಯಾರಿಗೂ ಹೆದರದೆ ಬರೆದಿದ್ದೇನೆ. ಇದರಲ್ಲಿ ಒಂದು ಮಾತೂ ಹೆಚ್ಚಿಲ್ಲ, ಈ ಸಲ ಕಡಿಮೆಯೂ ಇಲ್ಲ. ಹುಲುಗೇಶನ ಹೆಸರು ತೆಗೆದು, ಅಲ್ಲಿ ನನ್ನದು ಬರೆದು, ಅವನ ಅಂಗಡಿಯ ಬೀಗ ತೆಗೆದಿರೋ ಇಲ್ಲವೋ ಎಂಬುದನ್ನು ಜುಲೈ ಹುಟ್ಟುವುದರೊಳಗೆ ನನಗೆ ಕಾಗದದಲ್ಲಿ ತಿಳಿಸಿ. ಮಗನ ಹೆಸರಿಗೆ ಬೇಡ, ನನ್ನ ಹೆಸರಿಗೇ ಬರೆಯಿರಿ.

ಕೊಟ್ಟೂರು
19-6-2006
(ಸಹಿ) ಅನ್ನದಾನಮ್ಮ