ಮುಳ್ಳು ಅಲುಗದ ಹತ್ತು ನಿಮಿಷ

ನಗೋರು ಈಗಲೇ ನಕ್ಕುಬಿಡಿ. ಇದು ನಮ್ಮ ಪಕ್ಕದ ಮನೆಯಲ್ಲೇ ಆಗಿದ್ದು...

ಮುಳ್ಳಣ್ಣ ಅವತ್ತು ಹೊತ್ತು ಮೀರಿ ಹಾಳುಬಾವಿ ದಾರೀಲಿ ಮನೆಗೆ ಬರ್ತಿದ್ದ. ಮೀಟರ್ ರಿಪೇರಿಯೋನು, ಸದಾ ಮೀಟರಿನ ಮುಳ್ಳನ್ನೇ ದಿಟ್ಟಿಸ್ತಾ ಕೂತಿರ್ತಾನೆ ಅಂತ ಆ ಹೆಸರು. ಹೆಂಡತಿ, ನಾನು ಅತ್ತಿಗೆ ಅಂತಿದ್ದೋಳು, ತೀರಿಕೊಂಡು ತಿಂಗಳಾಗಿತ್ತು. ಮನೆ ಸೇರೋಕೆ ಮನಸ್ಸಾಗದೆ ಸುತ್ತಿ ಬಳಸಿ ಬರೋನು.

ಬಾವಿ ದಾಟಿದ. ಹಿಂದೆ ಚಪ್ಪಲಿ ಸದ್ದು. ಸರಕ್... ಸರಕ್... ಅವನು ನಿಂತ್ರೆ ಅದೂ ನಿಲ್ಲುತ್ತೆ. ಅತ್ತಿಗೆ ನಡಿಗೆ ಅವನಿಗೆ ಗೊತ್ತಿಲ್ವಾ? ತಿರುಗಿ ನೋಡ್ಲಿಲ್ಲ. ನೋಡಿದ್ರೆ ಎಲ್ಲಿ ಹೋಗಿಬಿಡ್ತಾಳೋ ಅಂತ ಭಯ.

ಅವಳು ಹೋದದ್ದು ಹೀಗೆ. ಮುಳ್ಳಣ್ಣ ಗುಜರಿಯಿಂದ ಹಳೇ ಮೀಟರ್ ತಂದಿದ್ದ. "ಮನೆ ತುಂಬ ಗುಜರಿ ಆಯ್ತು, ನನ್ನನ್ನೂ ತೂಕಕ್ಕೆ ಹಾಕಿ" ಅಂತ ಅತ್ತಿಗೆ ರೇಗಿಸಿದ್ಲು. ಅದು ಲಕ್ಷ ಕೋಟಿ ಓಮ್ ಅಳೆಯೋ ಮೀಟರ್. ಅಷ್ಟು ರೆಸಿಸ್ಟೆನ್ಸ್ ಅಂದ್ರೆ ಕರೆಂಟು ಹರಿಯೋದೇ ಇಲ್ಲ ಅನ್ನಬೇಕು. ಅಳೆಯೋ ವಸ್ತುವಿನ ಗಾಜಿಗೆ ಬೆರಳು ತಾಗಿದ್ರೆ ಇರೋ ಚೂರು ಕರೆಂಟೂ ಆ ಜಿಡ್ಡಲ್ಲೇ ಸೋರಿಹೋಗುತ್ತೆ. ಹತ್ತಿರ ಯಾರಾದ್ರೂ ಕೈ ಆಡಿಸಿದ್ರೂ ಮುಳ್ಳು ಕುಣಿಯುತ್ತೆ. ಬೀದಿಯೆಲ್ಲ ಮಲಗಿದ ಮೇಲೆ, ಹತ್ತು ನಿಮಿಷ ಮಿಸುಕದೆ ಕೂತ್ರೆ ಮಾತ್ರ ಸರಿಯಾದ ಅಳತೆ.

ಅತ್ತಿಗೆ ಗಾಜನ್ನ ಸ್ಪಿರಿಟಲ್ಲಿ ಒರೆಸಿಕೊಟ್ಟು ಅವನ ಬೆನ್ನ ಹಿಂದೆ ಕೂತ್ಲು.

"ರೀ..." ಅಂದ್ಲು ಮೆಲ್ಲಗೆ.

"ಶ್... ಅಲುಗಬೇಡ ಕಣೇ."

ಅಲುಗಲಿಲ್ಲ. ಅವನ ಜೀವಮಾನದಲ್ಲೇ ಮುಳ್ಳು ಅಷ್ಟು ಚೆನ್ನಾಗಿ ನಿಂತಿರಲಿಲ್ಲ. "ಸಿಕ್ತು ನೋಡೇ" ಅಂತ ಖುಷಿಯಲ್ಲಿ ತಿರುಗಿದ್ರೆ... ಗೋಡೆಗೆ ಒರಗಿದ್ಲು, ಕೈ ಎದೆ ಮೇಲೆ. ಹತ್ತು ನಿಮಿಷ ಮುಂಚೆ ಕರೆದಿದ್ರೆ ನೋಡಬಹುದಿತ್ತು ಅಂದ್ರು ಡಾಕ್ಟ್ರು. ಆ ಮಾತು ಅವನನ್ನ ಜೀವಂತ ಸುಟ್ಟುಬಿಡ್ತು.

ಈಗ ಆ ಸದ್ದಿನ ಜೊತೆಗೇ ಮನೆ ಸೇರಿ ಬಾಗಿಲು ತೆಗೆದು, ತೆಗೆದೇ ಇಟ್ಟ. ಸರಕ್... ಒಳಗೂ ಬಂತು. ಅದೇ ಮೀಟರ್ ಹಾಕಿ, ದೂರ ಸರಿದು ಕೂತ. ಮುಳ್ಳು ಕುಣೀತು... ಹತ್ತಿರ ಯಾರೋ ಸುಳಿದಾಡ್ತಿರೋ ಹಾಗೆ.

"ಬಂದ್ಯಾ?" ಅಂದ ಪಿಸುಮಾತಲ್ಲಿ.

ಮುಳ್ಳು ಟಕ್ ಅಂತ ನಿಂತುಬಿಡ್ತು. ಅವನ ಅಳತೆ ಕೆಡಬಾರದು ಅಂತ ಸತ್ತ ಮೇಲೂ ಮಿಸುಕದೆ ನಿಂತಿದಾಳೆ ಅಂತ ಹೊಳೆದಾಗ ಅವನಿಗೆ ದುಃಖ ತಡೆಯೋಕಾಗಲಿಲ್ಲ.

"ಅಲುಗೇ... ನೋವಾಗ್ತಿದ್ರೆ ಹೇಳೇ. ಈ ಮೀಟರ್ ಮನೆ ಹಾಳಾಗ್ಲಿ, ನನ್ನ ಒಂದ್ಸಲ ಕರಿಯೇ..."

ಬೆಳಗಿನವರೆಗೂ ಬೇಡಿಕೊಂಡ. ನೆಲಕ್ಕೆ ಬಡ್ಕೊಂಡು ಅತ್ತ. ಮುಳ್ಳು ಕೂದಲೆಳೆಯಷ್ಟೂ ಕದಲಲಿಲ್ಲ.

ಅಳು ಕೇಳಿ ಓಡಿಹೋದೋನು ನಾನೇ. ಮೀಟರ್ ಮುಂದೆ ಕೈ ಬೀಸಿದೆ, ಅಲುಗಲಿಲ್ಲ. ಸ್ವಿಚ್ ಆರಿಸಿದೆ, ಕರೆಂಟಿಲ್ಲದೆ ಬಿದ್ದುಹೋಗಬೇಕಾದ ಮುಳ್ಳು ಆಗಲೂ ಅಲ್ಲೇ. ನಂಬಿದ್ರೆ ನಂಬಿ, ಬಿಟ್ರೆ ಬಿಡಿ... ಅದನ್ನ ಬಿಚ್ಚಿ ನೋಡಿದೋನೂ ನಾನೇ. ಮುಳ್ಳು ಎಲ್ಲೂ ಸಿಕ್ಕಿಕೊಂಡಿರಲಿಲ್ಲ.