ನನ್ನನ್ನು ಯಾರೂ ಅಪಹರಿಸಿಲ್ಲ

ಹೆಸರು ಮತ್ತು ವಿಳಾಸ ಅಮ್ಮ ಕೊಟ್ಟ ದೂರಿನಲ್ಲಿ ಇರುವಂತೆಯೇ ಸರಿ. ಹೆಣ್ಣು, ವಯಸ್ಸು ಇಪ್ಪತ್ತಮೂರು. ಪೀಠೋಪಕರಣಗಳ ಅಂಗಡಿಯಲ್ಲಿ ಪಾಲಿಶ್ ಕೆಲಸ. ಸದ್ಯ ಆಸ್ಪತ್ರೆಯ ಹೃದಯ ವಾರ್ಡಿನಲ್ಲಿ ದಾಖಲಾಗಿರುವ ನಾನು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಹೃದಯಕ್ಕೆ ರಕ್ತ ಕೊಡುವ ನಾಳವೊಂದು ಹುಟ್ಟಿನಿಂದಲೇ ತಪ್ಪು ಜಾಗದಿಂದ ಹೊರಟಿದೆ. ಓಡಿದರೆ ಅದು ಎರಡು ದೊಡ್ಡ ನಾಳಗಳ ನಡುವೆ ಸಿಕ್ಕಿ ಅದುಮಿಹೋಗುತ್ತದೆ. ಕಳೆದ ವರ್ಷ ಬಸ್ಸಿನ ಹಿಂದೆ ಓಡುವಾಗ ರಸ್ತೆಯಲ್ಲೇ ಬಿದ್ದ ಮೇಲೆ ಇದು ಗೊತ್ತಾಯಿತು. ಆಪರೇಷನ್ ಮಾಡಿಸಲೇಬೇಕೆಂದು ಡಾಕ್ಟರ್ ಹೇಳಿದರು. ಎದೆ ಸೀಳುತ್ತಾರೆ ಎಂದು ಕೇಳಿದ್ದೇ ಅಮ್ಮ ಫೈಲು ಮುಚ್ಚಿ ಎದ್ದರು. ಆಮೇಲೆ ನೋಡೋಣ ಎಂದರು. ಅಂದಿನಿಂದ ನಾನು ಮೆಟ್ಟಿಲು ಹತ್ತಿದರೆ ಹಿಂದೆಯೇ ಬರುತ್ತಾರೆ. ಬಚ್ಚಲಿನ ಚಿಲಕ ಹಾಕುವಂತಿಲ್ಲ. ಬಾಗಿಲಾಚೆ ನಿಂತು ಮಾತಾಡಿಸುತ್ತಲೇ ಇರುತ್ತಾರೆ, ಉತ್ತರ ತಡವಾದರೆ ಒಳಗೇ ನುಗ್ಗುತ್ತಾರೆ. ಮನೆಯಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆಂದು ಹೊರಟು ಅಂಗಡಿಯ ವ್ಯಾನ್ ಹತ್ತಿದೆ. ಅದರ ಡ್ರೈವರನ್ನು ನಾವೆಲ್ಲ ಮಾವ ಎನ್ನುತ್ತೇವೆ. ಆಪರೇಷನ್ನಿಗೆ ಹೋಗಬೇಕು, ಆಸ್ಪತ್ರೆಗೆ ಬಿಡಿ ಎಂದಾಗ, ಮನೆಯಲ್ಲಿ ಹೇಳಿದ್ದೀಯಾ ಎಂದು ಅವರು ಎರಡು ಸಲ ಕೇಳಿದರು. ಹೇಳಿದ್ದೇನೆ ಎಂದು ಸುಳ್ಳಾಡಿದೆ. ಹಾಗಾದರೆ ಬೀರುವಿನ ಜೊತೆ ನಿನ್ನನ್ನೂ ಡೆಲಿವರಿ ಮಾಡಿಬಿಡುತ್ತೇನೆ ಎಂದು ನಗಿಸಿ, ಆಸ್ಪತ್ರೆಯ ಗೇಟಿನಲ್ಲಿ ಇಳಿಸಿ ಹೋದರು. ಆಪರೇಷನ್ನಿಗೆ ನಾನೇ ಒಪ್ಪಿಗೆ ಕೊಟ್ಟು, ಫೋನ್ ಆಫ್ ಮಾಡಿದೆ. ಅಪಹರಣದ ಅನುಮಾನದ ಮೇಲೆ ಮಾವನನ್ನು ಠಾಣೆಯಲ್ಲಿ ಕೂರಿಸಿದ್ದಾರೆಂದು, ಅವರು ಹೇಳಿದ ಮೇಲೆಯೇ ಪೊಲೀಸರು ಇಲ್ಲಿಗೆ ಬಂದರೆಂದು ಈಗಷ್ಟೇ ತಿಳಿಯಿತು. ಅವರದು ಏನೂ ತಪ್ಪಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಕೂಡಲೇ ಬಿಡಬೇಕಾಗಿ ಕೋರುತ್ತೇನೆ.

ಹೇಳಿಕೆ ಬರೆದುಕೊಳ್ಳಲು ಬಂದ ಮಹಿಳಾ ಪೇದೆಯವರಿಂದ ಇಷ್ಟು ಬರೆಸುವಷ್ಟರಲ್ಲಿ ಅಮ್ಮ ಬಂದರು. ಅವರ ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ ಇತ್ತು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ನೀನು ಹೇಳಿದ್ರೆ ನಾನು ಬಿಡ್ತಿರ್ಲಿಲ್ಲ, ಅದು ನಿಜ," ಎಂದು ಮಂಚದ ಅಂಚಿನಲ್ಲಿ ಕೂತರು. "ಈಗ್ಲೂ ಮನಸ್ಸಿಲ್ಲ ಕಣೇ."

ದೂರನ್ನು ವಾಪಸ್ ಪಡೆಯುತ್ತೀರಾ ಎಂದು ಪೇದೆಯವರು ಕೇಳಿದ್ದಕ್ಕೆ ಅಮ್ಮ ಹೂಂ ಎಂದರು.

ಆಪರೇಷನ್ ನಾಳೆ ಬೆಳಿಗ್ಗೆ. ಹೆದರಿಕೆ ಇಲ್ಲವೇ ಎಂದು ಪೇದೆಯವರು ಪೆನ್ನು ಪಕ್ಕಕ್ಕಿಟ್ಟು ನನ್ನನ್ನು ಕೇಳಿದರು.

"ಇದೆ. ಅದನ್ನೂ ಬರ್ಕೊಳ್ಳಿ," ಎಂದೆ.

ಬರೆದದ್ದನ್ನು ಅಮ್ಮನ ಎದುರಿಗೇ ಓದಿ ಹೇಳಿದರು, ಕೇಳಿದೆ. ಎಲ್ಲವೂ ನಿಜ, ಯಾರೂ ಹೇಳಿಕೊಟ್ಟದ್ದಲ್ಲ.

ಸ್ಥಳ: ಹೃದಯ ವಾರ್ಡು, ಕಿಟಕಿ ಪಕ್ಕದ ಹಾಸಿಗೆ
ದಿನಾಂಕ: ಆಪರೇಷನ್ನಿನ ಹಿಂದಿನ ದಿನ
ಸಹಿ: (ಬಲಗೈಗೆ ಸೂಜಿ ಹಾಕಿರುವುದರಿಂದ ಎಡಗೈಯಲ್ಲಿ)